ನಾನು ಇಡದ ರೋಜಾ, ನಾನು ನುಂಗಿದ ಮಾತ್ರೆ

ನನಗೆ ಮೂರ್ಛೆ ರೋಗ ಇದೆ. ನಮ್ಮ ಕಡೆ ಫಿಟ್ಸ್ ಅನ್ನುತ್ತಾರೆ, ಅದೂ ದನಿ ತಗ್ಗಿಸಿ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣಿದ್ದರಂತೂ ಆ ಪದವನ್ನೇ ಎತ್ತುವುದಿಲ್ಲ. ನಾನು ಜೋರಾಗಿಯೇ ಹೇಳುತ್ತೇನೆ. ಮದುವೆಯಾಗಿ ಎಷ್ಟೋ ವರ್ಷವಾಯಿತು, ಇನ್ನು ನನ್ನನ್ನು ಯಾರು ಬೇಡ ಅನ್ನಬೇಕು? ಇದನ್ನು ಓದಿ ಇದೇ ಕಾಯಿಲೆಯವರಿಗೆ ಧೈರ್ಯ ಬಂದರೆ ಸಂತೋಷ. ಸಿಟ್ಟು ಬಂದರೆ ಇನ್ನೂ ಸಂತೋಷ, ಯಾಕೆಂದರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಜೊತೆಗೆ ಯಾರಾದರೂ ಸಿಕ್ಕಂತಾಗುತ್ತದೆ.

ನಾನು ಮೈಸೂರಿನವಳು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ. ನನ್ನ ಗಂಡ ಹುಸೇನ್ ಗದಗಿನ ಕಡೆಯವರು, ಅವರ ಮನೆಮಾತೇ ಕನ್ನಡ. ಹಾಗಾಗಿ ಕ್ಯಾಲಿಫೋರ್ನಿಯಾದ ಗಿಲ್‌ರಾಯ್‌ನ ನಮ್ಮ ಮನೆಯಲ್ಲಿ ಪ್ರೀತಿಗೆ ಎರಡು ಭಾಷೆಯಿದ್ದರೂ ಜಗಳಕ್ಕೆ ಒಂದೇ ಭಾಷೆ, ಕನ್ನಡ. ಮಗಳು ಸನಾ ಹೈಸ್ಕೂಲಿನಲ್ಲಿದ್ದಾಳೆ. ಅವಳಿಗೆ ನಮ್ಮ ಜಗಳವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಾಳೆ.

ಕಾಯಿಲೆ ಗೊತ್ತಾದದ್ದು ಸನಾ ಚಿಕ್ಕವಳಿದ್ದಾಗ. ನನಗೆ ಫಿಟ್ಸ್ ಬರುವ ಮುಂಚೆ ಹಾಲು ಸೀದ ವಾಸನೆ ಬರುತ್ತದೆ. ಮೊದಮೊದಲು ನಾನು ಒಲೆ ನೋಡಲು ಓಡುತ್ತಿದ್ದೆ, ಅಲ್ಲಿ ಹಾಲೂ ಇರುತ್ತಿರಲಿಲ್ಲ, ಏನೂ ಇರುತ್ತಿರಲಿಲ್ಲ. ಒಂದು ದಿನ ಹಾಗೆ ಓಡಿದವಳು ಎಚ್ಚರವಾದಾಗ ನೆಲದ ಮೇಲಿದ್ದೆ, ನಾಲಿಗೆ ಕಚ್ಚಿ ಹೋಗಿತ್ತು. ಆಮೇಲೆ ನರರೋಗದ ಡಾಕ್ಟರ ವೇಟಿಂಗ್ ರೂಮು ನನಗೆ ಎರಡನೇ ಮನೆಯಾಯಿತು. ಅಲ್ಲಿ ಒಂದು ಮೀನಿನ ತೊಟ್ಟಿ ಇತ್ತು, ಒಂದೇ ಮೀನು. ಅದರ ಮುಂದೆ ಕೂತ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಮೀನನ್ನೇ ನೋಡುತ್ತಿದ್ದೆವು. ಯಾರಿಗೆ ಯಾವಾಗ ಬಂದೀತೋ ಎಂಬ ಭಯ ಎಲ್ಲರಿಗೂ ಇತ್ತು.

ಡಾಕ್ಟರ್ ಒಬ್ಬ ಸಣ್ಣ ಮೈಕಟ್ಟಿನ ಹೆಂಗಸು, ಮಾತು ಕಡಿಮೆ. ಆದರೆ ಕೋಣೆಗೆ ಬಂದರೆ ನಿಂತೇ ಮಾತಾಡಿ ಹೋಗುವವರಲ್ಲ, ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಮೊದಲ ಔಷಧಕ್ಕೆ ಮೈತುಂಬ ದದ್ದು ಎದ್ದಿತು. ಎರಡನೆಯದಕ್ಕೆ ಎಲ್ಲರ ಮೇಲೂ ರೇಗತೊಡಗಿದೆ. ಇದು ಔಷಧದ ಗುಣವೋ ನಿನ್ನ ಗುಣವೋ ಎಂದು ಹುಸೇನ್ ಕೇಳಿ, ಅದಕ್ಕೆ ತಕ್ಕ ಉತ್ತರವನ್ನೂ ಪಡೆದರು. ಮೂರನೆಯದು ಒಗ್ಗಿತು. ಅದರ ಹೆಸರು ಬರೆಯುವುದಿಲ್ಲ, ನನಗೆ ಒಗ್ಗಿದ್ದು ನಿಮಗೆ ಒಗ್ಗಬೇಕೆಂದಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು. ಅದನ್ನು ತೆಗೆದುಕೊಂಡಷ್ಟು ವರ್ಷವೂ ನನಗೆ ಸೀದ ಹಾಲಿನ ವಾಸನೆ ಬರಲಿಲ್ಲ. ಕಾಯಿಲೆಯಿಂದ ಅಮಾನತಾಗಿದ್ದ ಡ್ರೈವಿಂಗ್ ಲೈಸೆನ್ಸ್ ವಾಪಸು ಬಂತು, ಪಕ್ಕದೂರು ಮಾರ್ಗನ್ ಹಿಲ್‌ನ ಡೇಕೇರ್‌ನಲ್ಲಿ ಕೆಲಸ ಸಿಕ್ಕಿತು. ಗಿಲ್‌ರಾಯ್‌ನಲ್ಲಿ ಮನೆ ಅಗ್ಗ, ಆದರೆ ಕಾರಿಲ್ಲದಿದ್ದರೆ ಆ ಮನೆಯೇ ಜೈಲು. ಊರಿನ ಬೆಳ್ಳುಳ್ಳಿ ಹೊಲಗಳ ವಾಸನೆ ಕುಡಿದುಕೊಂಡು ಕಿಟಕಿಯಲ್ಲಿ ಕೂತಿರಬೇಕು ಅಷ್ಟೆ.

ರಂಜಾನಿನ ಉಪವಾಸ, ಅಂದರೆ ರೋಜಾ, ಇಡಬೇಡಿ ಎಂದು ಡಾಕ್ಟರ್ ಮೊದಲ ವರ್ಷವೇ ಹೇಳಿದ್ದರು. ಬೆಳಗಿನ ಜಾವದ ಸಹರಿ ಊಟಕ್ಕೆಂದು ನಿದ್ದೆಗೆಡುವುದು, ದಿನವಿಡೀ ಖಾಲಿ ಹೊಟ್ಟೆ, ಇವು ನಿಮಗೆ ಆಗುವುದಿಲ್ಲ ಎಂದರು. ಆ ವರ್ಷ ನಾನು ಅತ್ತುಬಿಟ್ಟೆ. ಆಮೇಲೆ ಒಪ್ಪಿಕೊಂಡೆ. ರೋಜಾ ಇಡಲಾಗದವರು ಬಡವರಿಗೆ ಊಟ ಹಾಕಿಸಬೇಕಲ್ಲ, ಆ ಫಿದ್ಯಾ ದುಡ್ಡನ್ನು ಮೈಸೂರಿನಲ್ಲಿರುವ ಅಮ್ಮಿಗೆ ಕಳಿಸುತ್ತೇನೆ, ಅವರೇ ಊಟ ಹಾಕಿಸುತ್ತಾರೆ. ರಂಜಾನಿನಲ್ಲಿ ಮನೆಯವರಿಗೆಲ್ಲ ಇಫ್ತಾರ್ ಮಾಡುತ್ತೇನೆ, ನಾನು ಮಾತ್ರ ಮಧ್ಯಾಹ್ನ ಅನ್ನ ಸಾರು ಉಣ್ಣುತ್ತೇನೆ, ಯಾವ ನಾಚಿಕೆಯೂ ಇಲ್ಲದೆ.

ಇಷ್ಟು ಹೇಳಿಕೊಂಡದ್ದು ಯಾಕೆಂದರೆ ಮುಂದೆ ಆದದ್ದೆಲ್ಲ ಈ ಅನ್ನ ಸಾರನ್ನು ಯಾರೂ ನಂಬದೆ ಹೋದದ್ದರಿಂದ ಆಯಿತು.

ಕಳೆದ ರಂಜಾನಿನ ಒಂದು ಸಂಜೆ ಖರ್ಜೂರ ಮುಗಿದಿತ್ತೆಂದು ಗ್ರೋಸರಿಗೆ ಹೋಗಿದ್ದೆ. ಬಿಲ್ಲಿನ ಸಾಲಿನಲ್ಲಿ ನಿಂತಿದ್ದಾಗ ಹಾಲು ಸೀದ ವಾಸನೆ ಬಂತು. ಅಂಗಡಿಯಲ್ಲಿ ಯಾರು ಹಾಲು ಕಾಯಿಸುತ್ತಾರೆ ಎಂದು ಒಂದು ಗಳಿಗೆ ಅನ್ನಿಸಿತು. ಇನ್ನೊಂದು ಗಳಿಗೆಗೆ ಗೊತ್ತಾಯಿತು. ಸಾಮಾನಿನ ಗಾಡಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಗಾಡಿಯೂ ನಾನೂ ಒಟ್ಟಿಗೆ ಬಿದ್ದೆವಂತೆ.

ಕಣ್ಣು ಬಿಟ್ಟಾಗ ಮುಖದ ಮೇಲೆ ಬಗ್ಗಿದ್ದವಳು ಒಬ್ಬ ತೆಲುಗು ಹೆಂಗಸು. ನನ್ನ ಮುಷ್ಟಿಯಲ್ಲಿ ಏನನ್ನೋ ತುರುಕಿ ಒತ್ತಿ ಹಿಡಿದಿದ್ದಳು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು ನಮ್ಮಲ್ಲಿ ಇರುವಂತೆ ಅವರಲ್ಲೂ ಉಂಟು, ಆದರೆ ಅವಳ ಹೊಸ ಕಾರಿಗೆ ಕೀಲಿಕೈಯೇ ಇಲ್ಲ, ಇದ್ದದ್ದು ಒಂದು ಪ್ಲಾಸ್ಟಿಕ್ ಕಾರ್ಡು. ಅದನ್ನೇ ಕೊಟ್ಟಿದ್ದಳು ಪುಣ್ಯಾತ್ಗಿತ್ತಿ. ಆಂಬುಲೆನ್ಸ್ ಬರುವವರೆಗೆ ಕೈ ಬಿಡಲಿಲ್ಲ, ನನ್ನ ಸಲ್ವಾರ್ ಒದ್ದೆಯಾದದ್ದು ಯಾರಿಗೂ ಕಾಣದಂತೆ ತನ್ನ ದುಪಟ್ಟಾ ಹೊದಿಸಿದಳು. ಅವಳ ಹೆಸರನ್ನೂ ಕೇಳಲಾಗಲಿಲ್ಲ. ಈ ಕಥೆಯಲ್ಲಿ ನನ್ನ ಸಿಟ್ಟಿನಿಂದ ಪೂರ್ತಿ ಪಾರಾದವಳು ಅವಳೊಬ್ಬಳೇ.

ಎಮರ್ಜೆನ್ಸಿಯಲ್ಲಿ ಒಬ್ಬ ತರುಣ ಡಾಕ್ಟರ್ ನನ್ನ ತಲೆಯ ಮೇಲಿನ ಸ್ಕಾರ್ಫ್ ನೋಡಿದ. ನಾನು ಇನ್ನೂ ಬಾಯಿ ತೆರೆಯುವ ಮುಂಚೆಯೇ, ಉಪವಾಸದಲ್ಲಿದ್ದೀರಾ ಎಂದು ಕೇಳಿದ. ಇಲ್ಲ ಅಂದೆ. ಪರವಾಗಿಲ್ಲ, ನಾವು ಎಲ್ಲ ಧರ್ಮವನ್ನೂ ಗೌರವಿಸುತ್ತೇವೆ, ನಿಜ ಹೇಳಿದರೆ ಚಿಕಿತ್ಸೆ ಸುಲಭ ಎಂದ. ಎರಡು ಗಂಟೆಗೆ ಊಟ ಮಾಡಿದ್ದೇನೆ, ಅನ್ನ ಮತ್ತು ಬೇಳೆ ಸಾರು ಅಂದೆ. ನಗುತ್ತಾ ಬರೆದುಕೊಂಡ. ಆ ನಗುವಿನಲ್ಲೇ ಗೊತ್ತಾಯಿತು, ಇವನು ನನ್ನನ್ನು ನಂಬಿಲ್ಲ.

ಹುಸೇನ್ ಆಫೀಸಿನಿಂದ ಓಡಿ ಬಂದಿದ್ದರು. ನನ್ನ ಕೈಚೀಲದಲ್ಲಿದ್ದ ಮಾತ್ರೆಯ ಡಬ್ಬಿ ತೆಗೆದು ಕೊಟ್ಟೆ. ಇಲ್ಲಿನ ಫಾರ್ಮಸಿಗಳು ಕೊಡುವ ಕಿತ್ತಳೆ ಬಣ್ಣದ ಡಬ್ಬಿ, ಮೇಲೆ ನನ್ನ ಹೆಸರು, ಔಷಧದ ಹೆಸರು. ಡಾಕ್ಟರ್ ಅದನ್ನು ನೋಡಿ, ರಕ್ತ ತೆಗೆಸಿ, ಬಹಳ ಹೊತ್ತಿನ ಮೇಲೆ ವಾಪಸು ಬಂದ. ನಿಮ್ಮ ರಕ್ತದಲ್ಲಿ ಈ ಔಷಧದ ಅಂಶವೇ ಇಲ್ಲವೆನ್ನಬಹುದು, ಮಾತ್ರೆ ತಪ್ಪಿಸುತ್ತಿದ್ದೀರಾ ಎಂದು ಕೇಳಿದ.

"ಒಂದು ಹೊತ್ತೂ ತಪ್ಪಿಸಿಲ್ಲ."

ಹುಸೇನ್ ಕಡೆ ತಿರುಗಿದೆ. ಅವರು ಹೇಳಬೇಕಿತ್ತು. ದಿನಾ ಬೆಳಿಗ್ಗೆ ನನ್ನ ಎದುರೇ ಕೂರುತ್ತಾರೆ, ನಾನು ಮಾತ್ರೆ ನುಂಗುವುದನ್ನು ದಿನಾ ನೋಡುತ್ತಾರೆ. ಅವರು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು. ಆ ಲೇಸು ಬಿಚ್ಚಿರಲಿಲ್ಲ.

ಅಷ್ಟರಲ್ಲಿ ಲಾಸ್ ಆಲ್ಟೋಸ್‌ನಿಂದ ಭಾವ ಬಂದರು, ಎಂದರೆ ಹುಸೇನರ ಅಣ್ಣ. ಊರಲ್ಲಿ ದಾವಲಸಾಬ, ಇಲ್ಲಿ ಡೇವ್. ಇಲ್ಲಿಗೆ ಬಂದ ಹೊಸದರಲ್ಲಿ ನಮಗೆ ಮನೆಯಲ್ಲಿ ಜಾಗ ಕೊಟ್ಟವರು, ಹಾಗಾಗಿ ಅವರು ಹೇಳಿದ್ದಕ್ಕೆ ಹುಸೇನ್ ಇಂದಿಗೂ ಎದುರಾಡುವುದಿಲ್ಲ. ನಮ್ಮ ಊರಿನಷ್ಟು ದೊಡ್ಡ ಮನೆ ಕಟ್ಟಿಸಿಕೊಂಡಿದ್ದಾರೆ, ಹೋಟೆಲಿಗೆ ಹೋದರೆ ಮಿಕ್ಕ ಚಟ್ನಿಯನ್ನೂ ಕಟ್ಟಿಸಿಕೊಂಡು ಬರುತ್ತಾರೆ. ಜೊತೆಗೆ ಅವರ ಹೆಂಡತಿ, ಬೆಂಗಳೂರಿನ ಶಮೀಮ್ ಅಕ್ಕ. ಅಕ್ಕ ನನ್ನ ಹಾಸಿಗೆಯ ತುದಿಯಲ್ಲಿ ಕೂತು ಕೆನ್ನೆ ಸವರಿದರು.

"ನಿಜ ಹೇಳು ನಸೀಮಾ, ಕದ್ದು ರೋಜಾ ಇಟ್ಟಿದ್ಯಾ?"

ನನಗೆ ನಗು ಬಂತು. ರಂಜಾನಿನಲ್ಲಿ ಕದ್ದು ತಿಂದವರ ಬಗ್ಗೆ ಕೇಳಿದ್ದೇನೆ, ಬಾಲ್ಯದಲ್ಲಿ ನಾನೇ ತಿಂದಿದ್ದೇನೆ. ಕದ್ದು ಉಪವಾಸ ಮಾಡಿದವಳು ಎಂಬ ಬಿರುದು ಮೊದಲ ಸಲ ಸಿಕ್ಕಿತು. "ಇಲ್ಲ ಅಕ್ಕ" ಎಂದೆ.

"ಅಲ್ಲಾ ಮಾಫ್ ಮಾಡ್ತಾನೆ ಕಣೇ, ಆದ್ರೆ ಜೀವ ಮುಖ್ಯ ಅಲ್ವಾ? ನಂಗೊತ್ತು, ಎಲ್ರೂ ಇಟ್ಟಾಗ ಮನಸ್ಸು ತಡೆಯಲ್ಲ. ಮಾತ್ರೇನೂ ಬಿಟ್ಬಿಟ್ಟಿರ್ತೀಯ."

"ಆಕೀಗ ರೆಸ್ಟ್ ಮಾಡಾಕ ಬಿಡು," ಎಂದರು ಭಾವ. ಆಮೇಲೆ ತಮ್ಮನ ಭುಜದ ಮೇಲೆ ಕೈ ಹಾಕಿ ಹೊರಗೆ ಕರೆದುಕೊಂಡು ಹೋದರು. ಗಾಜಿನ ಬಾಗಿಲ ಆಚೆ ಇಬ್ಬರೂ ನಿಂತದ್ದು ಕಾಣುತ್ತಿತ್ತು. ಭಾವ ಮಾತಾಡುತ್ತಿದ್ದರು, ಹುಸೇನ್ ತಲೆ ಆಡಿಸುತ್ತಿದ್ದರು. ನನ್ನ ಜೀವದ ಬಗ್ಗೆ ಏನೋ ಚಿಂತೆ ಮಾಡುತ್ತಿದ್ದಾರೆ ಎಂದುಕೊಂಡೆ. ಅಷ್ಟು ಮೂರ್ಖಳಾಗಿದ್ದೆ.

ಕ್ಯಾಲಿಫೋರ್ನಿಯಾದಲ್ಲಿ ಎಚ್ಚರ ತಪ್ಪಿ ಬಿದ್ದವರ ವಿಷಯವನ್ನು ಡಾಕ್ಟರು ಸರ್ಕಾರಕ್ಕೆ ತಿಳಿಸಲೇಬೇಕು. ಲೈಸೆನ್ಸ್ ಮತ್ತೆ ಅಮಾನತಾಯಿತು. ಡೇಕೇರ್‌ನವರು ಒಳ್ಳೆಯ ಮಾತಿನಲ್ಲಿ, ಡಾಕ್ಟರ ಒಪ್ಪಿಗೆ ಬಂದ ಮೇಲೆ ಬನ್ನಿ ಎಂದರು. ಮಕ್ಕಳನ್ನು ಎತ್ತಿಕೊಳ್ಳುವ ಕೆಲಸ, ಅವರದ್ದೂ ತಪ್ಪಲ್ಲ. ಎಲ್ಲವೂ ನನ್ನ ಡಾಕ್ಟರ ಒಂದು ಸಹಿಯ ಮೇಲೆ ನಿಂತಿತ್ತು. ಮಾತ್ರೆ ತಪ್ಪಿಸುವ ರೋಗಿ, ಅದನ್ನು ಮುಚ್ಚಿಡುವ ರೋಗಿ ಎಂದು ಒಮ್ಮೆ ಹೆಸರು ಬಿದ್ದರೆ ಯಾವ ಡಾಕ್ಟರ್ ಸಹಿ ಹಾಕುತ್ತಾರೆ? ನನ್ನ ಮಾತನ್ನು ನಂಬುವವರು ಬೇಕಿತ್ತು. ಕೂಗಿ ಹೇಳಿದಷ್ಟೂ ಸುಳ್ಳಿಯ ಹಾಗೆ ಕಾಣುತ್ತಿದ್ದೆ.

ಸುದ್ದಿ ಎಷ್ಟು ಬೇಗ ಹಬ್ಬಿತೆಂದರೆ, ಬರ್ಕ್ಲಿಯಲ್ಲಿ ಓದುತ್ತಿರುವ ಭಾವನ ಮಗನಿಂದಲೂ ಆಂಟಿ, ಆರೋಗ್ಯ ನೋಡಿಕೊಳ್ಳಿ, ದೇವರು ಕಷ್ಟ ಕೇಳುವುದಿಲ್ಲ ಎಂಬ ಮೆಸೇಜು ಬಂತು. ಬಿರಿಯಾನಿ ತಂದವರೆಲ್ಲ ಬಿರಿಯಾನಿಯ ಜೊತೆ ಒಂದು ಉಪದೇಶವನ್ನೂ ತಂದರು. ಒಬ್ಬಾಕೆ ನನ್ನ ಮುಂದೆ ತಟ್ಟೆ ಇಟ್ಟು, ನಾನು ಮೊದಲ ತುತ್ತು ನುಂಗುವವರೆಗೆ ನೋಡುತ್ತಾ ಕೂತಳು. ಮೈಸೂರಿನಿಂದ ಅಮ್ಮಿ ಫೋನಿನಲ್ಲಿ ಅತ್ತರು. "ನಾನು ಇಲ್ಲಿ ನಿನ್ನ ಹೆಸರಲ್ಲಿ ಊಟ ಹಾಕಿಸ್ತಿದ್ದೀನಲ್ಲಮ್ಮ, ಅದು ಸಾಲಲಿಲ್ವಾ ನಿನಗೆ?" ಎಂದರು. ನಿಮಗೆ ಯಾರು ಹೇಳಿದ್ದು ಎಂದು ಕೇಳಿದೆ. ಶಮೀಮ್ ಅಕ್ಕ ಫೋನ್ ಮಾಡಿದ್ದರಂತೆ.

ಇದೆಲ್ಲವನ್ನೂ ತಡೆದುಕೊಂಡೆ. ಸನಾಳದ್ದನ್ನು ತಡೆಯಲಾಗಲಿಲ್ಲ. ಆಸ್ಪತ್ರೆಯಿಂದ ಬಂದ ಮಾರನೇ ದಿನ ಬೆಳಿಗ್ಗೆ ಅವಳು ನೀರಿನ ಲೋಟ ಹಿಡಿದು ನನ್ನ ಮುಂದೆ ನಿಂತಳು. "ಅಮ್ಮಿ, ನನ್ನ ಮುಂದೆ ತಗೋ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ತಗೊಂಡೆ. "ಓಪನ್" ಅಂದಳು. ಬಾಯಿ ತೆರೆದೆ. ನಾಲಿಗೆ ಎತ್ತಿಸಿ ನೋಡಿದಳು. ಅಂದಿನಿಂದ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಇದೇ. ಅವಳು ಕೂಸಾಗಿದ್ದಾಗ ಬಾಯಲ್ಲಿ ಬೆರಳಾಡಿಸಿ ಹಲ್ಲು ಬಂತೇ ಎಂದು ನೋಡಿದವಳು ನಾನು. ಈಗ ಅವಳ ಮುಂದೆ ನಾಲಿಗೆ ಎತ್ತಿ ನಿಲ್ಲುತ್ತಿದ್ದೆ. ಆಗ ನನಗೆ ಆಗುತ್ತಿದ್ದದ್ದು ಸಿಟ್ಟಲ್ಲ, ಅವಮಾನ. ಹುಸೇನ್ ಎದುರಿಗೇ ಕೂತಿರುತ್ತಿದ್ದರು. ಒಂದು ದಿನವೂ, ಬಿಡು ಮಗಳೇ, ನಿನ್ನ ಅಮ್ಮ ಸುಳ್ಳು ಹೇಳುವವಳಲ್ಲ ಎನ್ನಲಿಲ್ಲ. ಮಧ್ಯೆ ಮಧ್ಯೆ ನನಗೆ ಸೀದ ಹಾಲಿನ ವಾಸನೆ ಬಂದು ಹೋಗುತ್ತಿತ್ತು. ಹೇಳಿದರೆ ಮತ್ತೆ ರೋಜಾ ಪುರಾಣ ಶುರುವಾಗುತ್ತದೆಂದು ಹೇಳಲಿಲ್ಲ, ಸೋಫಾದ ಮೇಲೆ ಹೋಗಿ ಮಲಗುತ್ತಿದ್ದೆ.

ಈದ್ ಹತ್ತಿರ ಬಂದಾಗ ನನ್ನ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕಿತು. ಮುಂಚೆಯೇ ರಕ್ತ ಕೊಟ್ಟು ಬಂದಿದ್ದೆ. ಮೂವರೂ ಹೋದೆವು. ಮೀನು ಬದಲಾಗಿತ್ತು, ಈಗ ಎರಡಿದ್ದವು. ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತರು.

"ಈ ಸಲವೂ ರಕ್ತದಲ್ಲಿ ಔಷಧವಿಲ್ಲ," ಎಂದರು. "ನಸೀಮಾ, ನಾನು ಬೈಯುವುದಿಲ್ಲ. ಆದರೆ ನಾವು ಈಗ ನಿಜ ಮಾತಾಡಬೇಕು."

ನನಗಿಂತ ಮೊದಲು ಬಾಯಿ ಬಂದದ್ದು ಸನಾಳಿಗೆ.

"ಸಾಧ್ಯವೇ ಇಲ್ಲ," ಎಂದಳು ಇಂಗ್ಲಿಷಿನಲ್ಲಿ. "ದಿನಕ್ಕೆ ಎರಡು ಸಲ ನಾನೇ ನಿಂತು ನೋಡಿದ್ದೇನೆ. ಬಾಯಿ ತೆರೆಸಿ ನೋಡಿದ್ದೇನೆ. ಅವಳು ನುಂಗಿದ್ದಾಳೆ."

ಡಾಕ್ಟರ್ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮಾತ್ರೆಯ ಡಬ್ಬಿ ಕೇಳಿದರು. ಒಂದನ್ನು ಅಂಗೈ ಮೇಲೆ ಹಾಕಿಕೊಂಡು ಹೊರಳಿಸಿದರು. "ಇದನ್ನು ಫಾರ್ಮಸಿಯಿಂದ ತಂದವರು ಯಾರು?"

ಔಷಧ ತರುವುದು ಹುಸೇನರ ಕೆಲಸ, ಯಾವತ್ತೂ. ನಾನು ಅವರತ್ತ ತಿರುಗಿದೆ. ಎಸಿ ಹಾಕಿದ ಆ ಕೋಣೆಯಲ್ಲಿ ಅವರ ಶರ್ಟು ಬೆನ್ನಿಗೆ ಅಂಟಿಕೊಂಡಿತ್ತು. ಇಂಗ್ಲಿಷಿನಲ್ಲಿ ಏನೋ ಶುರು ಮಾಡಿ ನಿಲ್ಲಿಸಿದರು. ಆಮೇಲೆ ನನ್ನನ್ನು ನೋಡಿಕೊಂಡು ಗದಗಿನ ಕನ್ನಡದಲ್ಲಿ ಹೇಳಿದರು.

"ನಸೀಮಾ, ಅವು ಇಲ್ಲೀವು ಅಲ್ಲ. ನಾ ಆನ್‌ಲೈನ್ ತರಸೀನಿ. ಹೊರದೇಶದಿಂದ."

"ಏನು?"

"ನಾ ಸೇರಿದ ಹೊಸಾ ಕಂಪನಿ ಇನ್ಶೂರೆನ್ಸಿನವರು ಈ ಗುಳಿಗಿ ಕೊಡೂದಿಲ್ಲ ಅಂದ್ರು. ಮೊದಲಿಂದು ತಗೋರಿ ಅಂದ್ರು, ಅದಕ್ಕ ನಿನಗ ಮೈಯೆಲ್ಲಾ ದದ್ದು ಎದ್ದಿದ್ವು. ಕೈಯಿಂದ ಕೊಡಬೇಕಂದ್ರ ಮನಿ ಕಂತು ನಿಂದರತಿತ್ತು. ನಿನಗ ಟೆನ್ಷನ್ ಕೊಡಬಾರದು ಅಂತ ಹೇಳಲಿಲ್ಲ. ಅಣ್ಣ ಒಂದು ವೆಬ್‌ಸೈಟ್ ತೋರಿಸಿದ. ಅವರು ಡಾಕ್ಟರ್ ಚೀಟಿ ಕೇಳಿದ್ರು, ಕಳಿಸಿದೆ. ಚಲೋ ಇದ್ವು. ಒಂದು ವರ್ಷ ನಿನಗೇನೂ ಆಗಲಿಲ್ಲಲಾ. ಆಮ್ಯಾಲೆ ಅಣ್ಣ ಇನ್ನೊಂದು ಹುಡುಕಿದ, ಅದಕ್ಕಿಂತ ಅಗ್ಗ. ಅವರು ಚೀಟಿನೂ ಕೇಳಲಿಲ್ಲ."

"ಡಬ್ಬಿ?"

"ಸ್ಟ್ರಿಪ್ಪಿನಾಗಿಂದ ಬಿಡಿಸಿ ಹಳೇ ಡಬ್ಬಿಗೆ ಹಾಕ್ತಿದ್ದೆ. ಗ್ಯಾರೇಜಿನಾಗ ಕುಂತು."

ನಿಮಗೆ ಇದು ವಿಚಿತ್ರ ಅನ್ನಿಸಬಹುದು, ಗದಗಿನ ಮನೆಯಲ್ಲಿ ಬೆಳೆದವರಿಗೆ ಅನ್ನಿಸುವುದಿಲ್ಲ. ಪೇಟೆಯಿಂದ ಬಂದ ಯಾವ ಸಾಮಾನೂ ಅವರಲ್ಲಿ ತಂದ ಪೊಟ್ಟಣದಲ್ಲೇ ಉಳಿಯುವುದಿಲ್ಲ. ಬೇಳೆ ಹಾರ್ಲಿಕ್ಸ್ ಬಾಟಲಿಗೆ, ಜೀರಿಗೆ ಜಾಮಿನ ಬಾಟಲಿಗೆ, ಪೊಟ್ಟಣ ಕಸಕ್ಕೆ. ಇಲ್ಲಿಯೂ ಹುಸೇನ್ ಗ್ರೋಸರಿ ತಂದ ದಿನ ಡಬ್ಬಿ ತುಂಬಿಸಲು ಕೂತರೆ ನನಗೆ ಒಂಥರಾ ಹೆಮ್ಮೆಯಿತ್ತು, ಎಂಥ ಗಂಡ ಎಂದು. ಮಾತ್ರೆಯ ಬಣ್ಣ ಬದಲಾದಾಗ ನಾನು ಕೇಳಿದ್ದೆ, ಫಾರ್ಮಸಿಯವರು ಬೇರೆ ಕಂಪನಿಯದ್ದು ಕೊಡುತ್ತಿದ್ದಾರೆ ಎಂದಿದ್ದರು. ಇಲ್ಲಿ ಅದು ಆಗುತ್ತಲೇ ಇರುತ್ತದೆ, ನಂಬಿದೆ. ಡಬ್ಬಿಯ ಮೇಲೆ ನನ್ನದೇ ಹೆಸರಿತ್ತು. ಆಸ್ಪತ್ರೆಯವರು ನಂಬಿದ್ದೂ ಅದನ್ನೇ, ನಾನು ಸುಳ್ಳಿ ಅನ್ನಿಸಿಕೊಂಡದ್ದೂ ಅದರಿಂದಲೇ.

"ನಾನು ಬಿದ್ದ ದಿನ ಯಾಕೆ ಹೇಳಲಿಲ್ಲ?" ಎಂದೆ. ದನಿ ಏರಿತ್ತು, ಹೊರಗಿನ ಕೋಣೆಯವರಿಗೂ ಕೇಳಿರಬೇಕು.

"ಅಣ್ಣ ಬ್ಯಾಡ ಅಂದ. ಸಿಟಿಜನ್‌ಶಿಪ್ಪಿನ ಇಂಟರ್ವ್ಯೂ ಬಾಕಿ ಐತಿ, ಹೊರಗಿಂದ ಗುಳಿಗಿ ತರಸೂದು ಕಾನೂನಿಗೆ ವಿರುದ್ಧ, ರೆಕಾರ್ಡ್ ಆಕ್ಕೈತಿ ಅಂದ."

"ಸರಿ. ಅದು ಭಯ. ನಾನು ಬಾಯಿ ತೆರೆದು ನಿಂತಾಗ?"

"ನೀನು ಖರೇನ ರೋಜಾ ಇಟ್ಟಿರಬೇಕು ಅಂತ ನಾನೂ ಅನ್ಕೊಂಡೆ," ಎಂದರು. "ಹಂಗ ಅನ್ಕೊಂಡ್ರ ನನಗ ನಿದ್ದಿ ಬರ್ತಿತ್ತು."

ಡಾಕ್ಟರ್ ಏನೂ ಅರ್ಥವಾಗದೆ ಕೂತಿದ್ದರು, ದುಭಾಷಿ ಬೇಕೇ ಎಂದು ಕೇಳಿದರು. ಸನಾ ಬೇಡ ಅಂದಳು. ಅಪ್ಪ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು, ಆ ನಿದ್ದೆಯ ಮಾತನ್ನೂ ಬಿಡಲಿಲ್ಲ. ಮುಗಿಸಿ ನನ್ನ ಪಕ್ಕಕ್ಕೆ ಬಂದು ಕೂತು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ನಾನು ಅವಳನ್ನು ಆ ಗಳಿಗೆಯಲ್ಲೇ ಕ್ಷಮಿಸಿದೆ, ಮಕ್ಕಳ ವಿಷಯದಲ್ಲಿ ನನಗೆ ಬೇರೆ ದಾರಿ ಗೊತ್ತಿಲ್ಲ.

ಡಾಕ್ಟರ್ ಮೊದಲು ನನಗೆ ಹೇಳಿದರು. "ನಾನು ನಿಮ್ಮನ್ನು ನಂಬಲಿಲ್ಲ. ನಂಬಬೇಕಿತ್ತು. ಕ್ಷಮಿಸಿ." ಸುತ್ತಿ ಬಳಸಿ ಏನೂ ಇಲ್ಲ, ಇಷ್ಟೇ. ಆಮೇಲೆ ಹುಸೇನ್ ಕಡೆ ತಿರುಗಿದರು. ನೀವು ಇದನ್ನು ನನಗೆ ಹೇಳಿದ್ದರೆ ನಾನು ಪೊಲೀಸರನ್ನು ಕರೆಯುತ್ತಿರಲಿಲ್ಲ, ನನ್ನ ನರ್ಸನ್ನು ಕರೆಯುತ್ತಿದ್ದೆ ಎಂದರು. ಹಾಗೇ ಮಾಡಿದರು. ನರ್ಸ್ ಬಂದು, ದುಡ್ಡಿನ ತೊಂದರೆ ಇದ್ದವರಿಗೆ ಔಷಧದ ಕಂಪನಿಯದ್ದೇ ಒಂದು ರಿಯಾಯಿತಿ ಯೋಜನೆ ಇದೆ, ಇನ್ಶೂರೆನ್ಸಿನವರಿಗೂ ದದ್ದಿನ ವಿಷಯ ಬರೆದು ಒಪ್ಪಿಸಬಹುದು ಎಂದಳು. ಮೊದಲ ದಿನವೇ ಇದ್ದ ದಾರಿ ಇದು. ಕೇಳುವುದಕ್ಕೆ ತಮ್ಮನಿಗೆ ನಾಚಿಕೆ, ಅಣ್ಣನಿಗೆ ಗತ್ತು.

ಉಳಿದ ಮಾತ್ರೆಗಳನ್ನು ಡಾಕ್ಟರೇ ಇಟ್ಟುಕೊಂಡರು, ಸರ್ಕಾರಕ್ಕೆ ದೂರನ್ನೂ ಕಳಿಸಿದರು. ಯಾವ ದೇಶದ್ದು, ಯಾವ ಬ್ಯಾಚು, ಯಾರು ಮಾಡಿದ್ದು ಎಂದು ಕೇಳಿದರೆ ನಮ್ಮ ಹತ್ತಿರ ಉತ್ತರವಿರಲಿಲ್ಲ, ಸ್ಟ್ರಿಪ್ಪುಗಳು ಎಂದೋ ಕಸದ ಲಾರಿ ಹತ್ತಿದ್ದವು. ಆ ವೆಬ್‌ಸೈಟಿನ ಚಾಟಿನಲ್ಲಿ ಹುಸೇನ್ ಕೇಳಿದಾಗ, ಪ್ರಿಯ ಗ್ರಾಹಕರೇ, ನಿಮ್ಮ ಆರೋಗ್ಯವೇ ನಮ್ಮ ಭಾಗ್ಯ ಎಂಬ ಅರ್ಥದ ಉತ್ತರ ಬಂತು. ಮುಂದಿನ ವಾರಕ್ಕೆ ವೆಬ್‌ಸೈಟೇ ಇರಲಿಲ್ಲ. ನಾನು ತಿಂಗಳುಗಟ್ಟಲೆ ಏನು ನುಂಗಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸುಣ್ಣವೋ, ಹಿಟ್ಟೋ, ಅದಕ್ಕಿಂತ ಕೆಟ್ಟದ್ದೋ.

ಹೊರಗಿನ ಔಷಧವೆಲ್ಲ ವಿಷ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಔಷಧದ ಕಂಪನಿಗಳಿಗೆ ಖುಷಿಯಾಗುತ್ತದೆ, ಅವರನ್ನು ಖುಷಿಪಡಿಸುವ ಇರಾದೆ ನನಗಿಲ್ಲ. ಮೈಸೂರಿನ ಅಂಗಡಿಯಲ್ಲಿ ಒಂದು ಊಟದ ಬೆಲೆಗೆ ಸಿಗುವುದನ್ನು ಇಲ್ಲಿ ಮನೆ ಕಂತಿನ ಬೆಲೆಗೆ ಮಾರುವವರ ಮೇಲೂ ನನ್ನ ಸಿಟ್ಟು ಅಷ್ಟೇ ಇದೆ. ಮೊದಲ ವೆಬ್‌ಸೈಟಿನ ಮಾತ್ರೆ ನನ್ನನ್ನು ಒಂದು ವರ್ಷ ಕಾಪಾಡಿತು, ಅದೂ ನಿಜ. ಆದರೆ ಚೀಟಿ ಕೇಳದವನ ಹತ್ತಿರ ಔಷಧ ಕೊಳ್ಳಬೇಡಿ. ಕೊಂಡರೆ ಡಾಕ್ಟರಿಗೆ ಹೇಳಿ. ಸ್ಟ್ರಿಪ್ಪನ್ನು ಎಸೆಯಬೇಡಿ. ಎಲ್ಲಕ್ಕಿಂತ ಮೊದಲು, ನುಂಗುವವರಿಗೆ ಹೇಳಿ. ಅವರ ಬಾಯಿ, ಅವರ ಮೈ.

ಒಳ್ಳೆಯ ಔಷಧ ಮತ್ತೆ ಶುರುವಾಯಿತು, ಸೀದ ಹಾಲಿನ ವಾಸನೆ ನಿಂತಿತು. ರಕ್ತದಲ್ಲಿ ಔಷಧ ಕಾಣಿಸಿಕೊಂಡಿತು. ಕಾಯಬೇಕಾದಷ್ಟು ಕಾಲ ಕಾದ ಮೇಲೆ ಡಾಕ್ಟರ್ ಸಹಿ ಹಾಕುತ್ತೇನೆ ಎಂದರು, ಹಾಕಿದರು. ಆದರೆ ನನಗೆ ಡಾಕ್ಟರ ಸಹಿಯೊಂದೇ ಸಾಕಾಗಿರಲಿಲ್ಲ. ಊರೆಲ್ಲ ನನ್ನನ್ನು ಸುಳ್ಳಿ ಎಂದುಕೊಂಡಿತ್ತು. ಆಚೆ ಮನೆಯವರು ಈಗಲೂ ನನ್ನ ತಟ್ಟೆಯ ಕಡೆ ಕಣ್ಣಿಡುತ್ತಿದ್ದರು. ಹುಸೇನ್ ಮನೆಯಲ್ಲಿ ದಿನಾ ಕ್ಷಮೆ ಕೇಳುತ್ತಿದ್ದರು, ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಚುತ್ತಾ, ಯಾರಿಗೂ ಕೇಳದ ಹಾಗೆ. ಒಂದು ಭಾನುವಾರ ಬೆಳಿಗ್ಗೆ ನನಗೆ ಸಾಕಾಯಿತು.

"ಗುಟ್ಟಾಗಿ ಕೇಳೋ ಕ್ಷಮೆ ನನಗೆ ಬೇಡ," ಎಂದೆ. "ನನ್ನ ಸುಳ್ಳಿ ಅಂದೋರಿಗೆಲ್ಲ ಫೋನ್ ಮಾಡಿ. ಸ್ಪೀಕರ್ ಹಾಕಿ. ನನ್ನ ಮುಂದೆ."

ಮಾಡಿದರು. ಬಿರಿಯಾನಿ ತಂದವರಿಗೆ ಮಾಡಿದರು. ನನ್ನ ತುತ್ತು ಕಾದು ಕೂತವಳಿಗೆ ಮಾಡಿದರು, ಅವಳು ನನಗೆ ಮೊದಲೇ ಅನುಮಾನ ಇತ್ತು ಅಂದಳು, ಅವಳ ಮುಖಕ್ಕಿಷ್ಟು. ಬರ್ಕ್ಲಿಯ ಹುಡುಗನಿಗೆ ಮಾಡಿದರು, ಅವನು ಪಾಪ ತಬ್ಬಿಬ್ಬಾಗಿ ಸಾರಿ ಆಂಟಿ ಎಂದ. ಪ್ರತಿಯೊಬ್ಬರಿಗೂ ಒಂದೇ ಮಾತು. ನಸೀಮಾ ರೋಜಾ ಇಟ್ಟಿರಲಿಲ್ಲ, ಮಾತ್ರೆ ಬಿಟ್ಟಿರಲಿಲ್ಲ, ಸುಳ್ಳು ಹೇಳಿದ್ದು ನಾನು. ಒಂದೊಂದು ಸಲ ಹೇಳಿದಾಗಲೂ ಅವರ ಕಿವಿ ಕೆಂಪಾಗುತ್ತಿತ್ತು. ನನಗೆ ಮರುಕ ಬರಲಿಲ್ಲ.

ಆಮೇಲೆ ಫೋನನ್ನು ಮೇಜಿನ ಮೇಲಿಟ್ಟು ಕೂತರು. ಲಾಸ್ ಆಲ್ಟೋಸ್ ಬಾಕಿ ಇತ್ತು.

"ಅಣ್ಣ ಅದಾನ, ನಸೀಮಾ."

"ಗೊತ್ತು."

ಹುಸೇನ್ ಫೋನ್ ಎತ್ತಿ ನಂಬರ್ ಒತ್ತಿದರು. ಭಾವ ಹುರುಪಿನಲ್ಲೇ ಇದ್ದರು. ಹುಸೇನ್ ತಮ್ಮ ಮಾತನ್ನು ಹೇಳಿ ಮುಗಿಸುವ ಮುಂಚೆಯೇ ತಡೆದರು.

"ಆಗಿದ್ದಾತು ಬಿಡಪಾ. ಯಾರ್ದೂ ತಪ್ಪಲ್ಲ. ನಮ್ಮ ಬಿಪಿ ಗುಳಿಗಿ ಅಲ್ಲಿಂದನ ಬರ್ತಾವ, ನಮಗೇನಾಗೇತಿ? ಆಕೀಂದು ಸ್ಟ್ರೆಸ್ ಇರಬೇಕು. ಮತ್ತ ನೋಡು, ಎಲ್ಯೂ ನನ್ನ ಹೆಸರು ತಗೀಬ್ಯಾಡ."

ಹುಸೇನ್ ನನ್ನನ್ನು ನೋಡಲಿಲ್ಲ, ಫೋನನ್ನೇ ನೋಡಿದರು. ಅವರು ಅಣ್ಣನಿಗೆ ಎದುರಾಡಿದ್ದನ್ನು ನಾನು ಮದುವೆಯಾದಾಗಿನಿಂದ ಕೇಳಿಲ್ಲ.

"ಇಲ್ಲಣ್ಣಾ," ಎಂದರು. "ತಪ್ಪು ಐತಿ. ನಂದು ಐತಿ, ನಿಂದೂ ಐತಿ. ಆಕೀದು ಇಲ್ಲ. ನೀ ಆಕೀಗ ಹೇಳ್ಬೇಕು. ಆಕಿ ಇಲ್ಲೇ ಅದಾಳ, ಕೇಳಾಕತ್ತಾಳ."

ಆ ಕಡೆ ಒಂದು ಉಸಿರು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು. ಭಾವ ಅಂದಿನಿಂದ ನಮ್ಮ ಮನೆಗೆ ಬಂದಿಲ್ಲ, ಫೋನೂ ಮಾಡಿಲ್ಲ.

ಹುಸೇನ್ ಇಷ್ಟು ಸಾಕಲ್ಲವೇ ಎನ್ನುವ ಹಾಗೆ ನನ್ನ ಮುಖ ನೋಡಿದರು. ಒಂದು ಲೋಟ ನೀರು ತಂದು ಅವರ ಮುಂದಿಟ್ಟೆ. ಕ್ಷಮಿಸಿದೆ ಎಂದು ಹೇಳಲಿಲ್ಲ, ಯಾಕೆಂದರೆ ಕ್ಷಮಿಸಿರಲಿಲ್ಲ.

"ಇನ್ನು ಮೈಸೂರಿಗೆ ಮಾಡಿ," ಎಂದೆ. "ಅಮ್ಮಿ ಇನ್ನೂ ಮಲಗಿರಲ್ಲ."